ತೋಳದ ಹೆಜ್ಜೆ ಹಿಡಿದ ಸಾಹೇಬರು

ಎಳೆಬಿಸಿಲಿಗೆ ಹುಲ್ಲುಗಾವಲು ಮೆಲ್ಲಗೆ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಕುರಿ ಕಾಯುವ ಹೆಂಗಸು ಕಾಲುದಾರಿಯ ಮಣ್ಣಿನಲ್ಲಿದ್ದ ಹೆಜ್ಜೆ ತೋರಿಸಿದಳು.

“ನಾಯಿ ಅತ್ತಿತ್ತ ಸುಳೀತೈತ್ರಿ. ಇದು ದಾರ ಹಿಡಿದಂಗ ನೆಟ್ಟಗ ಹೋಗೈತಿ. ತೋಳ.”

ಅರಣ್ಯ ಇಲಾಖೆಯ ಸಾಹೇಬರು ಬರೆದುಕೊಂಡರು. “ಈಗ ಗವಿ ತೋರಿಸು. ನಮ್ಮ ಅತಿಥಿಗಳು ಮರಿಗಳ ಫೋಟೊ ತೆಗೀಬೇಕು.”

ಜನ ಮುತ್ತಿದರೆ ತಾಯಿತೋಳ ಮರಿಗಳನ್ನು ಕಚ್ಚಿಕೊಂಡು ಹೊರಟೇಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

“ಈ ಹೆಜ್ಜೆ ಹಿಡಿದು ಹೋಗ್ಬೇಕ್ರಿ ಸಾಹೇಬ್ರ. ಆದ್ರ ಕುರಿ ಬಿಟ್ಟು ಹೆಂಗ ಬರ್ಲಿ? ತೋಳ ಐತಿ ಅಂತ ನೀವ ಬರದೀರಿ.”

“ಹೊಡಕೊಂಡೇ ಬಾ.”

ಮುನ್ನೂರು ಕುರಿ ಮುಂದೆ ನಡೆದವು. ಧೂಳು ಬಂಗಾರದ ಮಂಜಿನಂತೆ ತೇಲಿ, ನಿಧಾನಕ್ಕೆ ಇಳಿಯಿತು. ಸಾಹೇಬರು ಕನಸಿನಿಂದ ಎದ್ದವರಂತೆ ನೆಲ ನೋಡಿದರು.

“ತೋಳದ ಹೆಜ್ಜೆ ಎಲ್ಲಿ?”

“ಎಲ್ಲೂ ಹೋಗಿಲ್ಲರಿ. ಕುರಿ ಹೆಜ್ಜೆ ಕೆಳಗ ಅದಾವ.”