ಪರೀಕ್ಷಕರ ಹಿಂದೆ ನಿಂತವರು

"ಉಸ್ತಾದ್, ಒಂದು ಮದ್ರಸ ಒಳ್ಳೆಯದೋ ಅಲ್ಲವೋ ಎಂದು ಒಂದೇ ದಿನದಲ್ಲಿ ತಿಳಿಯುವುದು ಹೇಗೆ?" ಎಂದು ಹಾರಿಸ್ ಕೇಳಿದ. ಅವನು ಚೆಯ್ಯಬ್ಬ ಉಸ್ತಾದರ ಬಳಿ ಏಳು ವರ್ಷ ಕಲಿತವನು. ಊರೂರಿನ ಮದ್ರಸಗಳಿಗೆ ಹೋಗಿ ಅಂಕ ಹಾಕುವ ಪರೀಕ್ಷಕನ ಕೆಲಸ ಅವನಿಗೆ ಆಗಷ್ಟೇ ಸಿಕ್ಕಿತ್ತು.

ಉಸ್ತಾದರು ನಕ್ಕರು. ಅಂಕ ಹಾಕುವುದು ಏನು ಮಹಾ, ಒಂದು ಕೆಂಪು ಪೆನ್ನು ಇದ್ದರೆ ಆಯಿತು ಎಂದರು. ಆಮೇಲೆ ಕತೆ ಹೇಳತೊಡಗಿದರು.

ಒಬ್ಬ ಪರೀಕ್ಷಕರಿದ್ದರು. ಬಲು ಕಟ್ಟುನಿಟ್ಟು. ಕೆಟ್ಟವರೇನಲ್ಲ, ಆದರೆ ತಾನು ತಪ್ಪಬಹುದು ಎಂಬುದು ಪಾಪ ಅವರ ತಲೆಗೇ ಬಂದಿರಲಿಲ್ಲ. ಒಂದು ಸೋಮವಾರ ಪೇಟೆಯ ದೊಡ್ಡ ಮದ್ರಸಕ್ಕೆ ಹೋದರು. ಮುನ್ನೂರು ಮಕ್ಕಳು, ಒಂಬತ್ತು ಮಂದಿ ಉಸ್ತಾದರು. ಯಾವ ಮಗುವನ್ನು ಎಬ್ಬಿಸಿ ಕೇಳಿದರೂ ನೀರು ಕುಡಿದಷ್ಟು ಸಲೀಸಾಗಿ ಓದಿತು. ಪರೀಕ್ಷಕರು ತೊಂಬತ್ತೇಳು ಅಂಕ ಹಾಕಿದರು. ಅತಿಥಿ ಎಂಬ ಗೌರವಕ್ಕೆ ಸಂಜೆಯ ಮಗ್ರಿಬ್ ನಮಾಝಿಗೆ ಅವರನ್ನೇ ಮುಂದೆ ನಿಂತು ಓದುವ ಇಮಾಮರಾಗಿಸಿದರು. ಎಲ್ಲರೂ ಕೈಹಿಡಿದು ಬೀಳ್ಕೊಟ್ಟರು.

ಮರುದಿನ ಹೋದದ್ದು ಮೂವತ್ತೆರಡು ಮನೆಗಳ ಒಂದು ಸಣ್ಣ ಜಮಾಅತಿಗೆ. ಸುತ್ತಲಿನ ಹತ್ತು ಊರಿನಲ್ಲಿ ನಮ್ಮವರಿಗೆ ಇದ್ದುದು ಅದೊಂದೇ ಮದ್ರಸ. ಕಲಿಸುವವರು ಒಬ್ಬರೇ, ಅವರಿಗೂ ವಯಸ್ಸಾಗಿತ್ತು. ಮಕ್ಕಳು ತಡವರಿಸಿದರು, ಉಚ್ಚಾರ ಎಡವಿತು. ಪರೀಕ್ಷಕರು ನಲವತ್ತೊಂದು ಹಾಕಿದರು. ಐವತ್ತಕ್ಕಿಂತ ಕಡಿಮೆಯಾದರೆ ಉಸ್ತಾದರನ್ನು ತೆಗೆಯಬಹುದೆಂಬ ನಿಯಮವಿತ್ತು. ಜಮಾಅತಿನ ಅಧ್ಯಕ್ಷರಿಗೆ ಬೇಕಾಗಿದ್ದುದೂ ಅದೇ.

ಇಪ್ಪತ್ತಾರು ವರ್ಷದಿಂದ ಮಸೀದಿಯ ಪಕ್ಕದ ಕೋಣೆಯೇ ಆ ಮುದುಕರ ಮನೆ. ಹೊರಗೆ ಹಾಕಿದರೆ ಎಲ್ಲಿಗೆ ಹೋಗಬೇಕು ಅವರು? ಆದರೂ ಒಂದು ಮಾತೂ ಬೇಡಿಕೊಳ್ಳಲಿಲ್ಲ. ತಾವೇ ಚಹಾ ಮಾಡಿ ತಂದುಕೊಟ್ಟರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಸಂಜೆ ಅಲ್ಲಿಯೂ ಪರೀಕ್ಷಕರೇ ಇಮಾಮರಾದರು. ಹಿಂದಿನ ಸಂಜೆ ಓದಿದ ಕುರಾನಿನ ಭಾಗವನ್ನೇ ಓದಿದರು. ಒಂದೇ ತೆರನಾಗಿ ಶುರುವಾಗುವ ವಚನಗಳು, ಆಯತ್‌ಗಳು ಇವೆಯಲ್ಲ, ಬಾಯಿಪಾಠ ಮಾಡಿದವರು ಜಾರುವುದು ಅಲ್ಲಿಯೇ. ಕರುಣೆಯ ಮಾತಿನಲ್ಲಿ ಮುಗಿಯಬೇಕಾದ ಆಯತನ್ನು ಅವರು ಇನ್ನೊಂದು ಆಯತ್‌ನ ಬಲದ ಮಾತಿನಲ್ಲಿ ಮುಗಿಸಿದರು. ಇಮಾಮ್ ತಪ್ಪಿದರೆ ಹಿಂದೆ ನಿಂತವರು ಸರಿಯಾದುದನ್ನು ಓದಿ ನೆನಪಿಸಬೇಕೆಂಬುದು ನಿನಗೆ ಗೊತ್ತೇ ಇದೆ. ಸಾಲಿನಿಂದ ಒಂದು ಮೆಲ್ಲನೆಯ ದನಿ ಸರಿಯಾದ ಮಾತನ್ನು ಹೇಳಿತು. ಪರೀಕ್ಷಕರು ಲೆಕ್ಕಿಸದೆ ತಮ್ಮದನ್ನೇ ಮತ್ತೆ ಓದಿದರು. ದನಿ ಮತ್ತೆ ಹೇಳಿತು. ಈ ಸಲ ಅದರೊಂದಿಗೆ ಇನ್ನೂ ಮೂರು ನಾಲ್ಕು ದನಿಗಳು ಸೇರಿದವು. ಪರೀಕ್ಷಕರು ಒಂದು ಕ್ಷಣ ನಿಂತು, ತಿದ್ದಿಕೊಂಡು, ಮುಂದೆ ಓದಿದರು.

ನಮಾಝ್ ಮುಗಿದ ಮೇಲೆ ಅವರಿಗೆ ಕೋಪಕ್ಕಿಂತ ಕುತೂಹಲವೇ ಹೆಚ್ಚಾಯಿತು. ಮೊದಲು ಹೇಳಿದವರು ಯಾರೆಂದು ವಿಚಾರಿಸಿದರು. ಸೈಕಲ್ಲಿನಲ್ಲಿ ಮೀನು ಮಾರುವ ಒಬ್ಬಾತ ಹಿಂಜರಿಯುತ್ತ ಮುಂದೆ ಬಂದ. ಇದೇ ಮದ್ರಸದಲ್ಲಿ ಐದನೇ ತರಗತಿಯವರೆಗೆ ಕಲಿತವನಂತೆ.

"ನನ್ನನ್ನು ತಿದ್ದಲು ನಿನಗೆ ಹೆದರಿಕೆಯಾಗಲಿಲ್ಲವೇ?" ಎಂದು ಪರೀಕ್ಷಕರು ಕೇಳಿದರು.

"ಹೆದರಿಕೆ ಯಾಕೆ ಉಸ್ತಾದ್? ನಮ್ಮ ಉಸ್ತಾದರಿಗೂ ಈಗೀಗ ಮರೆಯುತ್ತದೆ. ನಾವು ಹೇಳಿಕೊಡದೆ ಸುಮ್ಮನಿದ್ದರೆ, ನಮಾಝ್ ಮುಗಿಸಿ ತಿರುಗಿ ಕೂತು, ನೀವೆಲ್ಲ ನಿದ್ದೆ ಮಾಡಿದ್ದಿರಾ ಎಂದು ಬೈಯುತ್ತಾರೆ."

ಪರೀಕ್ಷಕರಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಸೋಮವಾರವೂ ತಾನು ಹಾಗೆಯೇ ಓದಿದ್ದೆನೇ? ತಿಳಿಯದೆ ಸಮಾಧಾನವಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಪೇಟೆಗೆ ಹೋಗಿ ದೊಡ್ಡ ಮದ್ರಸದ ಮುಖ್ಯ ಉಸ್ತಾದರನ್ನೇ ಕೇಳಿದರು. ಅವರು ತಲೆ ತಗ್ಗಿಸಿದರು. ಹಾಗೆಯೇ ಓದಿದ್ದಿರಿ, ಒಂಬತ್ತು ಮಂದಿಗೂ ಗೊತ್ತಾಯಿತು, ದೊಡ್ಡ ಮಕ್ಕಳಿಗೂ ಗೊತ್ತಾಯಿತು, ಆದರೆ ಅಂಕ ಹಾಕಲು ಬಂದವರಿಗೆ ಹೇಳುವುದು ಹೇಗೆ ಎಂದು ಸುಮ್ಮನಾದೆವು ಎಂದರು. ಹನ್ನೊಂದು ವರ್ಷದಿಂದ ಎಷ್ಟು ಮಸೀದಿಗಳಲ್ಲಿ ಇದನ್ನೇ ಓದಿದ್ದೇನೋ ಎಂದು ಪರೀಕ್ಷಕರಿಗೆ ನಾಚಿಕೆಯಾಯಿತು.

ಕತೆ ನಿಂತಿತು. ಹಾರಿಸನಿಗೆ ತಡೆಯಲಾಗಲಿಲ್ಲ. ಅಂಕಗಳನ್ನು ಅದಲುಬದಲು ಮಾಡಿದರೇ ಎಂದು ಕೇಳಿದ.

ಇಲ್ಲ ಮಾರಾಯ, ಎಂದರು ಉಸ್ತಾದರು. ಮಕ್ಕಳ ಓದು ಇದ್ದದ್ದೇ ಅಷ್ಟು, ಸುಳ್ಳು ಬರೆಯಲಾಗುತ್ತದೆಯೇ? ನಲವತ್ತೊಂದು ನಲವತ್ತೊಂದಾಗಿಯೇ ಉಳಿಯಿತು. ಅದರ ಕೆಳಗೆ ಪರೀಕ್ಷಕರು ಹೀಗೆ ಬರೆದರು: ಓದಿಸಲು ಒಬ್ಬ ಯುವಕನನ್ನು ಜೊತೆಗೆ ಕೊಡಿ, ಆದರೆ ಈ ಉಸ್ತಾದರನ್ನು ಕದಲಿಸಬೇಡಿ, ಇವರು ಕಲಿಸಿದವರು ನನ್ನನ್ನು ತಿದ್ದಿದ್ದಾರೆ. ತೊಂಬತ್ತೇಳರ ಕೆಳಗೆ, ಇಲ್ಲಿ ಯಾರೂ ನನ್ನನ್ನು ತಿದ್ದಲಿಲ್ಲ ಎಂದು ಬರೆದರು. ಅಧ್ಯಕ್ಷರು ಮುಖ ಗಂಟು ಹಾಕಿಕೊಂಡರು, ಆದರೆ ಮುದುಕರು ಸಾಯುವವರೆಗೂ ಆ ಕೋಣೆಯಲ್ಲಿಯೇ ಇದ್ದರು.

ಹಾರಿಸನ ಮುಖ ಅರಳಿತು. ಈಗ ತಿಳಿಯಿತು ಉಸ್ತಾದ್, ಇನ್ನು ಯಾವ ಮದ್ರಸಕ್ಕೆ ಹೋದರೂ ನಾನು ಮೊದಲು ನೋಡುವುದು ಇದನ್ನೇ ಎಂದ.

ಉಸ್ತಾದರು ಅವನನ್ನೇ ನೋಡುತ್ತ ಹೇಳಿದರು: "ನಿನ್ನೆ ಮಗ್ರಿಬ್‌ನಲ್ಲಿ ನಾನೂ ಒಂದು ಆಯತ್ ಬಿಟ್ಟೆ, ನೀನು ನನ್ನ ಬೆನ್ನ ಹಿಂದೆಯೇ ನಿಂತಿದ್ದೆ, ನನ್ನ ಮದ್ರಸಕ್ಕೆ ಎಷ್ಟು ಹಾಕುತ್ತೀಯ, ಮಗನೇ?"