ಗಂಡನ ಮನೆಗೆ ಹೊರಟ ಕೆಂಚಿ

ಊರಿನ ನಾಯಿಗಳಿಗೆಲ್ಲ ಮರಿಯಾಗದಂತೆ ಆಪರೇಷನ್ ಕಡ್ಡಾಯ ಅಂತ ಪಟ್ಟಣ ಪಂಚಾಯಿತಿ ಅಧ್ಯಕ್ಷ ಗುರುಶಾಂತಪ್ಪನವರು ಕಾನೂನು ಮಾಡಿದರು. ಅವರ ಮನೆಯ ಗಂಡುನಾಯಿ ಸುಲ್ತಾನನಿಗೆ ಮಾತ್ರ ವಿನಾಯಿತಿ. ಅದು ಜಾತಿನಾಯಿಯಂತೆ.

ಹೂ ಮಾರುವ ಚೌಡಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅವಳ ನಾಯಿ ಕೆಂಚಿಗೆ ಹಾಲು ಕುಡಿಯುವ ನಾಲ್ಕು ಮರಿಗಳಿದ್ದವು. ಬೆಳಗಾದರೆ ನಾಯಿ ಹಿಡಿಯುವ ವ್ಯಾನು ಬರುತ್ತದೆ. "ಮರಿ ಹಾಲು ಬಿಡೋವರೆಗೆ ತಡೀರಿ ಸ್ವಾಮಿ" ಎಂದರೆ, "ನಾಯೀನ ಕಟ್ಟಿಹಾಕೋದು ಗೊತ್ತಿರಲಿಲ್ವಾ?" ಎಂದು ಅಧ್ಯಕ್ಷರು ಗದರಿದರು.

ಮರುದಿನ ಅಧ್ಯಕ್ಷರ ಜಗಲಿ ತುಂಬ ಜನ. ಚೌಡಮ್ಮ ಕೆಂಚಿಯ ಹಣೆಗೆ ಕುಂಕುಮವಿಟ್ಟು ಕರೆತಂದಳು. ಒಂದು ಕೈಯಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ. ತಲೆಯ ಮೇಲಿನ ಬುಟ್ಟಿಯಲ್ಲಿ ಮರಿಗಳು. ಎಲ್ಲಕ್ಕೂ ಸುಲ್ತಾನನದೇ ಜೋಲುಕಿವಿ.

"ಇದೇನಮ್ಮ?" ಎಂದರು ಅಧ್ಯಕ್ಷರು.

"ಬಾಣಂತನ ಮುಗೀತು ಬೀಗರೇ. ಮಡಿಲು ತುಂಬಿ ಗಂಡನ ಮನೆಗೆ ಕರ್ಕೊಂಡು ಬಂದೆ. ಹಿಂದೆ ಇನ್ನೂ ಐದು ಮನೆಯೋರು ಬುಟ್ಟಿ ಹೊತ್ತು ಬರ್ತಿದಾರೆ."

ಜಗಲಿ ಗೊಳ್ಳೆಂದಿತು. ಸುಲ್ತಾನ ಓಡಿಬಂದು ಮರಿಗಳನ್ನು ನೆಕ್ಕತೊಡಗಿತು. ಅಧ್ಯಕ್ಷರು ಒಮ್ಮೆ ಬೀದಿ ನೋಡಿದರು, ಒಮ್ಮೆ ಮರಿಗಳ ಕಿವಿ ನೋಡಿದರು. ಕೊನೆಗೆ ಗುಮಾಸ್ತನಿಗೆ ಮೆಲ್ಲಗೆ ಹೇಳಿದರು: "ಹಾಲೂಡಿಸೋ ನಾಯಿಗಳಿಗೆ ಮೂರು ತಿಂಗಳು ಬಿಡುವು ಅಂತ ಬರಿ. ಇವತ್ತಿನ ವ್ಯಾನಿಗೆ ಸುಲ್ತಾನನ್ನ ಹತ್ತಿಸು."

ಚೌಡಮ್ಮ ಬುಟ್ಟಿ ಎತ್ತಿಕೊಂಡಳು.

"ಆಪರೇಷನ್ ಆದಮೇಲೆ ಹೇಳಿಕಳಿಸಿ ಬೀಗರೇ. ಅಳಿಯಂದಿರನ್ನ ನೋಡೋಕೆ ಬ್ರೆಡ್ಡು ತಗೊಂಡು ಬರ್ತೀವಿ."