ಹಸಿರು ಬಿಲ್ಲೆ

"ತಪ್ಪು ಅಣ್ಣನದು. ಮಾತು ಬಿಟ್ಟು ಮೂರು ವರ್ಷವಾಯಿತು. ಮೊದಲು ನಾನೇಕೆ ಮಾತಾಡಿಸಬೇಕು?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಘಟ್ಟದ ಮೇಲೆ ಒಂದು ಸ್ಟೇಷನ್, ಕೆಳಗೆ ಒಂದು. ನಡುವೆ ಒಂದೇ ಹಳಿ. ಮೇಲೆ ಒಬ್ಬ ಸ್ಟೇಷನ್ ಮಾಸ್ಟರ್, ಕೆಳಗೆ ಒಬ್ಬ. ಗಾಡಿ ಬಿಡುವವನು ಕೇಳಬೇಕು, ಇನ್ನೊಬ್ಬ ಹಳಿ ಖಾಲಿಯಿದೆ ಎಂದು 'ಲೈನ್ ಕ್ಲಿಯರ್' ಕೊಡಬೇಕು. ಕೇಳದೆ ಕೊಡುವಂತಿಲ್ಲ. ಇಪ್ಪತ್ತೆರಡು ವರ್ಷ ಹಾಗೆ ನಡೆಸಿದರು.

ನಿವೃತ್ತರಾಗಿ ಇಬ್ಬರೂ ಒಂದೇ ಊರಿನಲ್ಲಿ ನೆಲೆಸಿದರು. ಭಾನುವಾರ ಕೆಳಗಿನವನ ಮನೆಯಲ್ಲಿ ರೈಲಿನ ಆಟ. ದೊಡ್ಡ ಹಲಗೆ, ಅದರ ಮೇಲೆ ಒಂದು ನಾಡಿನ ನಕಾಶೆ. ತುಂಡು ತುಂಡಾಗಿ ಹಳಿ ಹಾಕಿ ಗಣಿಯ ಅದಿರನ್ನು ಬಂದರಿಗೆ ಮುಟ್ಟಿಸಬೇಕು. ನಿಯಮದ ಪುಸ್ತಕವೇ ನಲವತ್ತು ಪುಟ. ಒಂದು ಆಟಕ್ಕೆ ಮೂರು ಭಾನುವಾರ ಹಿಡಿಯುತ್ತಿತ್ತು. ಇನ್ನೊಬ್ಬನ ಹಳಿಯ ಮೇಲೆ ಹೋಗಬೇಕಾದರೆ ಕೇಳಬೇಕು. ಒಪ್ಪಿದವನು ಅಲ್ಲಿ ಹಸಿರು ಬಿಲ್ಲೆ ಇಡಬೇಕು. ಬಂದರಿಗೆ ಹೋಗಲು ನಕಾಶೆಯಲ್ಲಿದ್ದುದು ಒಂದೇ ಕಣಿವೆ. ಅಲ್ಲಿ ಇಬ್ಬರಿಗೂ ಜಾಗ ಬಿಡಬೇಕೆಂದು ಮಾತಾಗಿತ್ತು.

ಒಂದು ಭಾನುವಾರ ಕೆಳಗಿನವನು ತನ್ನ ಹಳಿ ಹಾಕಿ ಕಣಿವೆಯನ್ನು ಪೂರ್ತಿ ಹಿಡಿದ.

"ಇದೇನಯ್ಯಾ, ಮಾತು ಮರೆತೆಯಾ?" ಎಂದ ಮೇಲಿನವನು.

"ಆಟವಲ್ಲವೇ! ಕೇಳು, ಕೊಡುತ್ತೇನೆ."

"ದಾರಿ ಕಟ್ಟಿದವನು ನೀನು. ನೀನೇ ಕೊಡು."

"ಕೇಳದೆ ಲೈನ್ ಕ್ಲಿಯರ್ ಕೊಟ್ಟವನುಂಟೇನಯ್ಯಾ? ಇಷ್ಟು ವರ್ಷ ಸ್ಟೇಷನ್ನಿನಲ್ಲಿ ಬಾವುಟ ಒಗೆಯುತ್ತಿದ್ದೆಯಾ?"

ಮೇಲಿನವನು ಎದ್ದು ಚಪ್ಪಲಿ ಮೆಟ್ಟಿದ.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಮನೆಯಲ್ಲಿ ಕೇಳಿದರೆ, "ತಪ್ಪು ಅವನದು. ಅವನೇ ಕರೆಯಲಿ" ಎನ್ನುತ್ತಿದ್ದ. ಸಂಜೆ ತಿರುಗಾಡಲು ಹೊರಟರೆ ಆ ಬೀದಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದ. ಎರಡು ವರ್ಷ ಕಳೆಯಿತು.

ಕೆಳಗಿನವನು ತೀರಿಕೊಂಡ. ಆಗ ಮೇಲಿನವನು ಹೋದ. ಹಲಗೆ ಅದೇ ಮೇಜಿನ ಮೇಲಿತ್ತು. ಒಂದು ಹಳೆಯ ಪಂಚೆ ಹೊದಿಸಿತ್ತು. ಎರಡು ಕುರ್ಚಿಗಳೂ ಇದ್ದಲ್ಲೇ ಇದ್ದವು.

"ಇದನ್ನು ನೀವೇ ಒಯ್ಯಿರಿ, ಅಣ್ಣಾ. ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ" ಎಂದಳು ಸತ್ತವನ ಹೆಂಡತಿ.

ಅವನು ಪಂಚೆ ಸರಿಸಿದ. ಕಣಿವೆಯ ಹಳಿಯ ಮೇಲೆ ಹಸಿರು ಬಿಲ್ಲೆ ಇತ್ತು.

"ಇದನ್ನು ಯಾವಾಗ ಇಟ್ಟ?"

"ನೀವು ಎದ್ದು ಹೋದ ದಿನವೇ. ನೀವಿನ್ನೂ ಬೀದಿಯ ತಿರುವು ದಾಟಿರಲಿಲ್ಲ. ಕೂಗಿ ಕರೆಯಿರಿ ಎಂದೆ. 'ಗಾಡಿ ಅವನದು, ಬರುತ್ತಾನೆ' ಎಂದರು."

ಗುರು ಕತೆ ನಿಲ್ಲಿಸಿದರು.

"ಆದರೂ ತಪ್ಪು ಕೆಳಗಿನವನದೇ ಅಲ್ಲವೇ?" ಎಂದ ಶಿಷ್ಯ.

"ಹೌದು. ಮೇಲಿನವನ ಬಳಿ ಈಗ ಉಳಿದಿರುವುದು ಅದೊಂದೇ" ಎಂದರು ಗುರು.